ಕಾರಣ ಸಿಕ್ಕಿತು, ಅಪರಾಧಿ ಸಿಗಲಿಲ್ಲ: ಹದಿಹರೆಯದವರ ಪತ್ತೇದಾರಿ ಕಾದಂಬರಿಯೂ ಸಾವಿನ ದುಃಖವೂ

ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಹದಿನಾರು ವರ್ಷದ ಹುಡುಗಿಯೊಬ್ಬಳ ಅಣ್ಣ ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಮನೆಗೆ ಬರುವುದಿಲ್ಲ. ಮೂರನೆಯ ದಿನ ಊರಾಚೆಯ ಕೆರೆಯಲ್ಲಿ ಅವನ ಶವ ಸಿಗುತ್ತದೆ; ಕಾಲು ಜಾರಿ ಬಿದ್ದು ಸತ್ತನೆಂದು ಬರೆದುಕೊಂಡು ಪೊಲೀಸರು ಪ್ರಕರಣ ಮುಗಿಸುತ್ತಾರೆ. ತಿಂಗಳು ಕಳೆದ ಮೇಲೆ ಅವನ ಅಂಗಿಗಳನ್ನು ಮಡಿಸಿಡುತ್ತಿದ್ದ ತಂಗಿಗೆ ಒಂದು ಜೇಬಿನಲ್ಲಿ ಬೀಗದ ಕೈ ಸಿಗುತ್ತದೆ. ಅದು ಮನೆಯ ಯಾವ ಬೀಗಕ್ಕೂ ಹೊಂದುವುದಿಲ್ಲ. ಅವಳ ತನಿಖೆ ಅಲ್ಲಿಂದ ಶುರುವಾಗುತ್ತದೆ. ಇಂಥದೊಂದು ಪುಸ್ತಕ ಇದೆಯೆಂದು ಹೇಳುತ್ತಿಲ್ಲ. ವಿಷಯವನ್ನು ಬಿಡಿಸಿ ಹೇಳುವ ಅನುಕೂಲಕ್ಕೆಂದು ಕಟ್ಟಿಕೊಂಡ ಕಥೆ ಇದು. ಆದರೂ ಹದಿಹರೆಯದ ಓದುಗರಿಗಾಗಿ ಬರೆದ ಪತ್ತೇದಾರಿ ಕಾದಂಬರಿಗಳನ್ನು ನಾಲ್ಕಾರು ಓದಿದವರಿಗೆ ಇದರ ಚಹರೆ ಪರಿಚಿತವೆನಿಸೀತು: ಸತ್ತವರು ಆಪ್ತರು, ತನಿಖೆ ನಡೆಸುವವರು ಇನ್ನೂ ಪರೀಕ್ಷೆ ಬರೆಯುವ ವಯಸ್ಸಿನವರು, ಮತ್ತು ದೊಡ್ಡವರು ಮುಚ್ಚಿಟ್ಟ ಪ್ರಶ್ನೆಯನ್ನು ಮತ್ತೆ ತೆರೆಯುವವರು ಚಿಕ್ಕವರು.

ಸಾವಿನ ದುಃಖ ಮತ್ತು ಪತ್ತೇದಾರಿಕೆ ಈ ಬಗೆಯ ಕಾದಂಬರಿಯಲ್ಲಿ ಇಷ್ಟು ಸಲೀಸಾಗಿ ಜೊತೆಗೂಡುವುದೇಕೆ ಎಂಬುದು ಇಲ್ಲಿನ ಪ್ರಶ್ನೆ. ಪತ್ತೇದಾರಿ ಕಥೆಗೆ ಸಾವು ಬೇಕು, ಸಾವಿದ್ದಲ್ಲಿ ದುಃಖ ಇದ್ದೇ ಇರುತ್ತದೆ ಎಂಬ ಉತ್ತರ ಸುಲಭವಾದದ್ದು, ಆದರೆ ಈ ಪ್ರಕಾರದ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗುರುತಿಸುವ ಎಡ್ಗರ್ ಅಲನ್ ಪೋ ಅವರ ಕಥೆ 1841ರದು; ಅದರಲ್ಲಿ ತಾಯಿ ಮಗಳಿಬ್ಬರೂ ಭೀಕರವಾಗಿ ಸಾಯುತ್ತಾರೆ, ಆದರೆ ಕಥೆಯ ಗಮನವೆಲ್ಲ ಮುಚ್ಚಿದ ಕೋಣೆಯೊಳಗೆ ಅದು ಹೇಗೆ ನಡೆಯಿತು ಎಂಬುದರ ಮೇಲೆ. ಎಸ್. ಎಸ್. ವ್ಯಾನ್ ಡೈನ್ ಎಂಬ ಕಾವ್ಯನಾಮದ ಅಮೆರಿಕನ್ ಲೇಖಕ 1928ರಲ್ಲಿ ಪತ್ತೇದಾರಿ ಕಥೆಗೆಂದು ಇಪ್ಪತ್ತು ನಿಯಮಗಳನ್ನು ಬರೆದರು. ಕಾದಂಬರಿಯಲ್ಲಿ ಶವ ಇರಲೇಬೇಕು ಎನ್ನುವುದು ಅವುಗಳಲ್ಲಿ ಒಂದು. ಪಾತ್ರಗಳ ಸೂಕ್ಷ್ಮ ಮನೋವಿಶ್ಲೇಷಣೆ ಕೂಡದು ಎನ್ನುವುದು ಇನ್ನೊಂದು. ಅಪರಾಧವೆಂದು ತೋರಿದ್ದು ಕೊನೆಗೆ ಅಪಘಾತವೋ ಆತ್ಮಹತ್ಯೆಯೋ ಎಂದು ತಿಳಿಯಬಾರದು ಎನ್ನುವುದು ಮತ್ತೊಂದು. ಒಟ್ಟಿನಲ್ಲಿ ಶವ ಬೇಕು, ಸತ್ತವರು ಬೇಡ. ದುಃಖಿಸುವವರು ಇದ್ದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಓದುಗ ಆಗ ಒಗಟಿನಿಂದ ಕಣ್ಣು ತೆಗೆದು ಮನುಷ್ಯರ ಮುಖ ನೋಡತೊಡಗುತ್ತಾನೆ.

ಹದಿಹರೆಯದವರ ಪತ್ತೇದಾರಿ ಕಾದಂಬರಿ ಈ ಮೂರರಲ್ಲಿ ಮೊದಲ ನಿಯಮವನ್ನು ಮಾತ್ರ ಇಟ್ಟುಕೊಂಡಿತು. ಸುಮಾರು 12ರಿಂದ 18 ವರ್ಷದವರನ್ನು ಉದ್ದೇಶಿಸಿದ ಈ ಸಾಹಿತ್ಯಕ್ಕೆ ಯಂಗ್ ಅಡಲ್ಟ್ ಎಂಬ ಹೆಸರು ಗಟ್ಟಿಯಾದದ್ದು ಅಮೆರಿಕದಲ್ಲಿ. ಅಲ್ಲಿನ ಗ್ರಂಥಾಲಯ ಸಂಘ ಆ ವಯಸ್ಸಿನವರ ಸೇವೆಗೆ ಪ್ರತ್ಯೇಕ ವಿಭಾಗವನ್ನು 1957ರಲ್ಲಿ ತೆರೆಯಿತು, ಪತ್ತೇದಾರಿ ಲೇಖಕರ ಸಂಘವು ತನ್ನ ಎಡ್ಗರ್ ಪ್ರಶಸ್ತಿಗಳಲ್ಲಿ ಈ ವರ್ಗಕ್ಕೆ 1989ರಿಂದ ಬೇರೆಯೇ ಬಹುಮಾನ ಇಟ್ಟಿತು. ಇಷ್ಟು ಚರಿತ್ರೆ ಸಾಕು. ನಿಯಮಗಳನ್ನು ಮುರಿದಾಗ ಕಥೆಯ ಒಳಗಡೆ ಏನಾಗುತ್ತದೆ ಎಂಬುದು ಹೆಚ್ಚು ಕುತೂಹಲದ ಸಂಗತಿ.

ವಿಮರ್ಶಕ ಟ್ಜ್ವೆಟಾನ್ ಟೋಡೊರೋವ್ 1966ರ ಒಂದು ಪ್ರಬಂಧದಲ್ಲಿ, ಪತ್ತೇದಾರಿ ಕಥೆಯೊಳಗೆ ಎರಡು ಕಥೆಗಳಿರುತ್ತವೆ ಎಂದು ತೋರಿಸಿದರು. ಒಂದು ಅಪರಾಧದ ಕಥೆ, ಇನ್ನೊಂದು ತನಿಖೆಯ ಕಥೆ. ಪುಸ್ತಕ ಆರಂಭವಾಗುವ ಹೊತ್ತಿಗೆ ಮೊದಲನೆಯದು ನಡೆದು ಮುಗಿದಿರುತ್ತದೆ. ಓದುಗ ಅದನ್ನು ನೇರವಾಗಿ ಕಾಣಲಾರ, ಎರಡನೆಯ ಕಥೆಯ ಮೂಲಕ ತುಣುಕು ತುಣುಕಾಗಿ ಪಡೆಯಬೇಕು. ಎರಡನೆಯ ಕಥೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ, ಪಾತ್ರಗಳು ಅಲ್ಲಿ ಏನನ್ನೂ ಮಾಡುವುದಿಲ್ಲ, ತಿಳಿದುಕೊಳ್ಳುತ್ತಾರೆ ಅಷ್ಟೆ. ಈ ವಿವರಣೆಯನ್ನು ಒಮ್ಮೆ ಓದಿ, ಪತ್ತೇದಾರಿ ಎಂಬ ಮಾತನ್ನು ತೆಗೆದುಹಾಕಿ ಮತ್ತೊಮ್ಮೆ ಓದಿದರೆ, ಆಪ್ತರನ್ನು ಕಳೆದುಕೊಂಡವರ ದಿನಚರಿಯೇ ಕಣ್ಣ ಮುಂದೆ ಬರುತ್ತದೆ. ಮುಖ್ಯವಾದದ್ದೆಲ್ಲ ನಡೆದುಹೋಗಿದೆ. ಉಳಿದವರ ಪಾಲಿಗಿರುವುದು ಹಿಂದಕ್ಕೆ ಹೋಗಿ ಹೋಗಿ ನೋಡುವ ಕೆಲಸ: ಕೊನೆಯ ಬಾರಿ ಏನು ಮಾತಾಡಿದೆವು, ಆ ದಿನ ಯಾವ ಅಂಗಿ ತೊಟ್ಟಿದ್ದ, ಎಷ್ಟು ಗಂಟೆಗೆ ಹೊರಟ, ಹೊರಡುವಾಗ ಹಿಂತಿರುಗಿ ನೋಡಿದನೇ ಇಲ್ಲವೇ. ತನಿಖಾಧಿಕಾರಿ ಕೇಳುವ ಪ್ರಶ್ನೆಗಳೂ ಇವೇ.

ಹೋಲಿಕೆ ಇಲ್ಲಿಗೆ ನಿಲ್ಲುವುದಿಲ್ಲ. ಬ್ರಿಟನ್ನಿನ ಮನೋವೈದ್ಯರಾದ ಜಾನ್ ಬೌಲ್ಬಿ ಮತ್ತು ಕಾಲಿನ್ ಮರೆ ಪಾರ್ಕ್ಸ್ ಅವರು ಸಾವಿನ ನಂತರದ ಶೋಕವನ್ನು ವಿವರಿಸುವಾಗ ಹುಡುಕಾಟಕ್ಕೆ ವಿಶೇಷ ಸ್ಥಾನ ಕೊಟ್ಟರು. ಮೊದಲು ಮರಗಟ್ಟಿದಂಥ ಸ್ಥಿತಿ, ಅದು ಕರಗಿದ ಮೇಲೆ ತೀವ್ರ ಹಂಬಲ ಮತ್ತು ಹುಡುಕಾಟ. ಪಾರ್ಕ್ಸ್ ಲಂಡನ್ನಿನ ವಿಧವೆಯರೊಡನೆ ನಡೆಸಿದ ಅಧ್ಯಯನದಲ್ಲಿ ಇದು ಎದ್ದು ಕಾಣುತ್ತದೆ: ಸತ್ತಿದ್ದಾರೆಂದು ಚೆನ್ನಾಗಿ ಗೊತ್ತಿದ್ದರೂ ಗುಂಪಿನಲ್ಲಿ ಆ ಮುಖಕ್ಕಾಗಿ ಕಣ್ಣಾಡಿಸುವುದು, ಅವರಿರುತ್ತಿದ್ದ ಜಾಗಗಳ ಕಡೆಗೆ ಸೆಳೆತ, ಸಣ್ಣ ಸದ್ದಾದರೂ ಬಂದರೇನೋ ಎಂದು ಬೆಚ್ಚುವುದು. ಬೌಲ್ಬಿಯವರ ದೃಷ್ಟಿಯಲ್ಲಿ ಇದು ಹುಚ್ಚಲ್ಲ, ದೌರ್ಬಲ್ಯವೂ ಅಲ್ಲ. ತಾಯಿ ಕಣ್ಮರೆಯಾದಾಗ ಮಗು ಅತ್ತು ಹುಡುಕುವಂತೆ ಮಾಡುವ ನಂಟಿನ ವ್ಯವಸ್ಥೆಯೇ ಇಲ್ಲಿಯೂ ಕೆಲಸ ಮಾಡುತ್ತಿರುತ್ತದೆ, ಹುಡುಕಿದರೆ ಸಿಗುವುದಿಲ್ಲ ಎಂಬ ಸುದ್ದಿ ಮಾತ್ರ ಅದಕ್ಕೆ ಇನ್ನೂ ತಲುಪಿರುವುದಿಲ್ಲ. ನಮ್ಮ ಕಥೆಯ ಹುಡುಗಿ ಬೀಗದ ಕೈ ಹಿಡಿದುಕೊಂಡು ಊರಿನ ಬಾಗಿಲುಗಳ ಮುಂದೆ ನಿಲ್ಲುವಾಗ ಹುಡುಕುತ್ತಿರುವುದು ಬೀಗವನ್ನು ಎಂದು ಅವಳು ತಿಳಿದಿದ್ದಾಳೆ. ಓದುಗನಿಗೆ ಅಷ್ಟರಲ್ಲೇ ಅನುಮಾನ ಬಂದಿರುತ್ತದೆ. ಪತ್ತೇದಾರಿಕೆ ಅವಳಿಗೆ ಕೊಡುವುದು ಒಂದು ಮರ್ಯಾದೆಯ ವೇಷ: ಸತ್ತ ಅಣ್ಣನನ್ನು ಹುಡುಕುತ್ತಿದ್ದೇನೆ ಎಂದರೆ ಜನ ಕನಿಕರದಿಂದ ನೋಡುತ್ತಾರೆ, ಅಣ್ಣ ಹೇಗೆ ಸತ್ತ ಎಂದು ಹುಡುಕುತ್ತಿದ್ದೇನೆ ಎಂದರೆ ಕೆಲಸವಿದ್ದಂತೆ ಕಾಣುತ್ತದೆ.

ಇದನ್ನು ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಬಹುದು. ಶೋಕವು ಕರುಣರಸದ ಸ್ಥಾಯಿಭಾವವೆಂಬುದು ಎಲ್ಲರಿಗೂ ಗೊತ್ತು. ಆದರೆ ಕರುಣಕ್ಕೂ ವಿಪ್ರಲಂಭ ಶೃಂಗಾರಕ್ಕೂ, ಅಂದರೆ ಸಾವಿನ ಅಗಲಿಕೆಗೂ ವಿರಹದ ಅಗಲಿಕೆಗೂ, ಹೊರಗಿನ ಲಕ್ಷಣಗಳು ಹೆಚ್ಚುಕಡಿಮೆ ಒಂದೇ: ಕಣ್ಣೀರು, ನಿಟ್ಟುಸಿರು, ಚಿಂತೆ. ವ್ಯತ್ಯಾಸವೆಲ್ಲಿ ಎಂಬ ಪ್ರಶ್ನೆಗೆ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನ ಉತ್ತರವಿದೆ: ಕರುಣ ನಿರಪೇಕ್ಷ, ವಿಪ್ರಲಂಭ ಸಾಪೇಕ್ಷ. ಮತ್ತೆ ಸೇರುವ ನಿರೀಕ್ಷೆ ಉಳಿದಿದ್ದರೆ ಅದು ವಿರಹ. ನಿರೀಕ್ಷೆಯೇ ಕಡಿದುಹೋಗಿದ್ದರೆ ಶೋಕ. ಶೃಂಗಾರವನ್ನು ಬದಿಗಿಟ್ಟು ಈ ಗೆರೆಯೊಂದನ್ನೇ ಎರವಲು ಪಡೆದರೆ, ನಾವು ಚರ್ಚಿಸುತ್ತಿರುವ ಕಾದಂಬರಿಯ ಒಳಚಲನೆ ಸಿಕ್ಕಿಬಿಡುತ್ತದೆ. ಸಾವು ಮೊದಲ ಪುಟದಲ್ಲೇ ಆಗಿದ್ದರೂ ಹುಡುಗಿಯ ದುಃಖ ಇನ್ನೂ ಸಾಪೇಕ್ಷವಾಗಿಯೇ ಇದೆ. ತನಿಖೆ ಮುಗಿಯುವವರೆಗೆ ಅಣ್ಣನ ವಿಷಯದಲ್ಲಿ ಹೊಸದೇನಾದರೂ ತಿಳಿಯುತ್ತಲೇ ಇರುತ್ತದೆ, ತಿಳಿಯುತ್ತಿರುವವರೆಗೆ ಅವನು ಒಂದು ಬಗೆಯಲ್ಲಿ ಬರುತ್ತಲೇ ಇರುತ್ತಾನೆ. ಕೊನೆಯ ಸುಳಿವು ಬಿಡಿಸಿದ ದಿನ ಅವನು ಬರುವುದು ನಿಲ್ಲುತ್ತದೆ. ಇಂಥ ಕಾದಂಬರಿಗಳಲ್ಲಿ ಪತ್ತೇದಾರಿಣಿ ಉತ್ತರದ ಹತ್ತಿರ ಬಂದಾಗ ಕಾರಣವಿಲ್ಲದೆ ತಡಮಾಡುವುದು, ಓದಬೇಕಾದ ಪತ್ರವನ್ನು ಎರಡು ಅಧ್ಯಾಯ ಮುಚ್ಚಿಯೇ ಇಡುವುದು, ಮುಖ್ಯ ಸಾಕ್ಷಿಯ ಮನೆಯ ಬೀದಿಯವರೆಗೆ ಹೋಗಿ ಹಿಂತಿರುಗುವುದು ಕಾಣುತ್ತದೆ. ಅದನ್ನು ಕುತೂಹಲ ಬೆಳೆಸುವ ತಂತ್ರವೆಂದು ಮಾತ್ರ ಓದಿದರೆ ಅರ್ಧ ತಪ್ಪಿಹೋಗುತ್ತದೆ.

ತನಿಖೆ ನಡೆಸುವವರು ಹದಿಹರೆಯದವರೇ ಏಕೆ? ಸಾವಿನಿಂದ ಯಾರೂ ಮರಳುವುದಿಲ್ಲ, ಅದು ಎಲ್ಲರಿಗೂ ಬರುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಬಾಲ್ಯ ಮುಗಿಯುವ ಮೊದಲೇ ಮಕ್ಕಳಿಗೆ ಬಂದಿರುತ್ತದೆ. ಆದ್ದರಿಂದ ಹದಿನಾರರ ಹುಡುಗಿಗೆ ಸಾವು ಅರ್ಥವಾಗದೆ ಹೀಗೆ ಮಾಡುತ್ತಿದ್ದಾಳೆ ಎನ್ನುವಂತಿಲ್ಲ. ಅವಳ ತೊಡಕು ಬೇರೆ. ಸಾವು ದೊಡ್ಡವರಿಗೆ ಅರ್ಥವಾದಷ್ಟೇ ಅವಳಿಗೂ ಅರ್ಥವಾಗಿರುತ್ತದೆ, ದೊಡ್ಡವರಿಗಿರುವ ಅಧಿಕಾರ ಮಾತ್ರ ಇರುವುದಿಲ್ಲ. ಸಾವಿನ ಮನೆಯ ನಿರ್ಧಾರಗಳು ಅವಳನ್ನು ಕೇಳದೆ ಆಗುತ್ತವೆ, ಕೆಲವು ಮಾತುಗಳು ಅವಳು ಕೋಣೆಗೆ ಬಂದೊಡನೆ ನಿಲ್ಲುತ್ತವೆ, ಬಂದವರೆಲ್ಲ ಅಪ್ಪ ಅಮ್ಮನಿಗೆ ನೀನೇ ಧೈರ್ಯ ಹೇಳಬೇಕು ಎಂದು ಹೇಳಿ ಹೋಗುತ್ತಾರೆ. ಕೆನ್ನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಮಾಜ ಮಾನ್ಯತೆ ಕೊಡದ ಶೋಕವೊಂದಿದೆ ಎಂದು ವಾದಿಸಿದರು: ಸತ್ತವರೊಡನೆ ಇದ್ದ ನಂಟನ್ನು ಲೋಕ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ದುಃಖಿಸುವ ಹಕ್ಕೂ ಆ ವ್ಯಕ್ತಿಗೆ ಸಿಗುವುದಿಲ್ಲ. ಹದಿಹರೆಯದ ಗೆಳೆತನ, ಹೊರಗೆ ಹೇಳದ ಪ್ರೀತಿ, ಮುರಿದುಹೋದ ಸ್ನೇಹ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಹವ್ಯಾಸಿ ಪತ್ತೇದಾರನೂ ಅಧಿಕಾರವಿಲ್ಲದೆ ಪ್ರಶ್ನೆ ಕೇಳುವವನೇ. ಈ ಎರಡು ಅನಧಿಕೃತ ಸ್ಥಾನಗಳು ಒಬ್ಬಳಲ್ಲೇ ಕೂಡುವುದರಿಂದ, ಪ್ರಶ್ನೆ ಕೇಳಲು ನೀನು ಯಾರು ಎಂದು ಸಾಕ್ಷಿಯೊಬ್ಬ ಗದರಿದಾಗ ಆ ಮಾತು ಎರಡೂ ಕಡೆ ತಾಗುತ್ತದೆ.

ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯಂತ ಜಾಣ ಆವಿಷ್ಕಾರ ಇರುವುದು ಶಂಕಿತರ ಚಿತ್ರಣದಲ್ಲಿ. ಯಾವ ಪತ್ತೇದಾರಿ ಕಾದಂಬರಿಯಲ್ಲೂ ಓದುಗನ ದಾರಿ ತಪ್ಪಿಸುವ ಸುಳಿವುಗಳು ಬೇಕು. ನಿರಪರಾಧಿಯೊಬ್ಬ ಅಪರಾಧಿಯಂತೆ ಕಾಣಬೇಕು. ಹಳೆಯ ಕಾದಂಬರಿಕಾರ ಇದಕ್ಕಾಗಿ ಉಯಿಲು, ಸಾಲ, ಗುಪ್ತ ವಿವಾಹ ಮುಂತಾದವನ್ನು ಹೊಂದಿಸಬೇಕಾಗಿತ್ತು. ಶೋಕದ ಕಾದಂಬರಿಗೆ ಆ ಶ್ರಮವಿಲ್ಲ, ಏಕೆಂದರೆ ತಪ್ಪು ಮಾಡಿದವರ ಲಕ್ಷಣಗಳೂ ದುಃಖದಲ್ಲಿರುವವರ ಲಕ್ಷಣಗಳೂ ಹೊರಗಿನಿಂದ ಹೆಚ್ಚು ಬೇರೆಯಾಗಿ ಕಾಣುವುದಿಲ್ಲ. ನಮ್ಮ ಕಥೆಯಲ್ಲಿ ಅಣ್ಣನ ಗೆಳೆಯನೊಬ್ಬ ಅಂತ್ಯಕ್ರಿಯೆಗೆ ಬರುವುದಿಲ್ಲ, ಹುಡುಗಿಯನ್ನು ಕಂಡರೆ ರಸ್ತೆ ದಾಟಿ ಹೋಗುತ್ತಾನೆ, ಆ ರಾತ್ರಿ ಎಲ್ಲಿದ್ದೆ ಎಂದರೆ ಎರಡು ಸಲ ಎರಡು ಉತ್ತರ ಕೊಡುತ್ತಾನೆ, ಅಣ್ಣನ ಹೆಸರಿರುವ ಸಂದೇಶಗಳನ್ನು ಫೋನಿನಿಂದ ಅಳಿಸಿಹಾಕಿದ್ದಾನೆ. ಇಷ್ಟು ಸಾಕ್ಷ್ಯ ಸಿಕ್ಕ ಮೇಲೆ ಅವನನ್ನು ಅಪರಾಧಿಯೆನ್ನದವರು ಯಾರು? ಆಮೇಲೆ ತಿಳಿಯುವುದೇನೆಂದರೆ ಅವನ ದುಃಖಕ್ಕೆ ನಿಲ್ಲಲು ಜಾಗವಿರಲಿಲ್ಲ, ಅಷ್ಟೆ. ಒಂದು ಮನೆಯವರೇ ಒಂದೇ ಸಾವಿಗೆ ಬೇರೆಬೇರೆ ಬಗೆಯಲ್ಲಿ ದುಃಖಿಸುವಾಗ ಒಬ್ಬರಿಗೊಬ್ಬರು ಕಲ್ಲುಮನಸ್ಸಿನವರಂತೆ ಕಾಣುವುದುಂಟು. ಅಪ್ಪ ಮರುವಾರವೇ ಕೆಲಸಕ್ಕೆ ಹೋದದ್ದು ಮಗಳ ಕಣ್ಣಿಗೆ ಅಪರಾಧವಾಗುತ್ತದೆ. ಕಾದಂಬರಿ ಈ ನಿತ್ಯದ ತಪ್ಪು ಓದನ್ನೇ ಕಥೆಯ ಯಂತ್ರವಾಗಿ ಮಾಡಿಕೊಳ್ಳುತ್ತದೆ. ಒಬ್ಬೊಬ್ಬ ಶಂಕಿತನ ಮೇಲಿನ ಅನುಮಾನ ಕಳಚಿದಾಗಲೂ ಹುಡುಗಿಗೆ ಸಿಗುವುದು ತನ್ನಂತೆಯೇ ನೊಂದ ಇನ್ನೊಬ್ಬ ಮನುಷ್ಯ.

ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಮಂಡಿಸಿದ ಮಾದರಿಯೊಂದು ಈ ಕಾದಂಬರಿಗಳ ಲಯವನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಅವರ ಪ್ರಕಾರ ಆಪ್ತರನ್ನು ಕಳೆದುಕೊಂಡವರು ಎರಡು ದಿಕ್ಕಿನ ನಡುವೆ ಜೀಕುತ್ತಿರುತ್ತಾರೆ: ಒಮ್ಮೆ ನಷ್ಟದ ಕಡೆಗೆ ಮುಖ ಮಾಡಿ ಅಳುವುದು, ನೆನೆಯುವುದು, ಇನ್ನೊಮ್ಮೆ ಬದುಕಿನ ಕಡೆಗೆ ತಿರುಗಿ ಹೊಸ ಕೆಲಸ, ಹೊಸ ಜವಾಬ್ದಾರಿ, ಕೆಲವೊಮ್ಮೆ ನಗು. ಈ ಜೀಕಾಟವೇ ಆರೋಗ್ಯದ ಲಕ್ಷಣ. ಆದ್ದರಿಂದ ಅಣ್ಣ ಸತ್ತ ಎರಡು ತಿಂಗಳಿಗೆ ಹುಡುಗಿ ಸಹಪಾಠಿಯೊಬ್ಬನೊಡನೆ ನಕ್ಕಳು, ಮರುಪುಟದಲ್ಲಿ ಅದಕ್ಕಾಗಿ ನಾಚಿದಳು ಎಂದು ಬರೆದರೆ ಅದು ಧಾಟಿ ತಪ್ಪಿದ ಬರವಣಿಗೆಯಾಗುವುದಿಲ್ಲ. ಇದಕ್ಕೆ ವಿರುದ್ಧವಾದ ದೋಷವೊಂದು ಮಾತ್ರ ಬಹಳ ಕಡೆ ಕಾಣಸಿಗುತ್ತದೆ. ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ 1969ರ ಪುಸ್ತಕದಿಂದ ಪ್ರಸಿದ್ಧವಾದ ಐದು ಹಂತಗಳನ್ನು, ಅಂದರೆ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆಗಳನ್ನು, ಕೆಲವು ಲೇಖಕರು ಐದು ಭಾಗಗಳ ಕಥಾಹಂದರವಾಗಿ ಬಳಸಿಕೊಳ್ಳುತ್ತಾರೆ. ಆ ಹಂತಗಳನ್ನು ಕ್ಯೂಬ್ಲರ್-ರಾಸ್ ಮೊದಲು ಹೇಳಿದ್ದು ತಮ್ಮ ಸಾವನ್ನೇ ಎದುರು ನೋಡುತ್ತಿದ್ದ ರೋಗಿಗಳ ವಿಷಯದಲ್ಲಿ; ಉಳಿದವರ ಶೋಕಕ್ಕೆ ಅವು ಅನ್ವಯವಾದದ್ದು ಆಮೇಲೆ, ಮತ್ತು ಎಲ್ಲರೂ ಅದೇ ಕ್ರಮದಲ್ಲಿ ಹಾದುಹೋಗುತ್ತಾರೆಂಬುದು ಸಂಶೋಧನೆಯಲ್ಲಿ ನಿಂತಿಲ್ಲ. ಮೆಟ್ಟಿಲಿನಂತೆ ಒಂದೊಂದೇ ಏರಿ ಮುಗಿಸುವ ದುಃಖ ಕಾದಂಬರಿಕಾರನಿಗೆ ಅನುಕೂಲ, ಓದುವ ಹುಡುಗರಿಗೆ ಅದರಿಂದ ತಮ್ಮದೇ ದುಃಖ ತಪ್ಪಾಗಿದೆಯೇನೋ ಎಂಬ ಹೊಸ ಚಿಂತೆ.

ಈಗ ಕಥೆಯ ಮುಚ್ಚಿಟ್ಟ ಭಾಗಕ್ಕೆ ಬರೋಣ. ಅಣ್ಣ ಸತ್ತ ರಾತ್ರಿ ಹನ್ನೊಂದು ಮುಕ್ಕಾಲಕ್ಕೆ ತಂಗಿಯ ಫೋನಿಗೆ ಒಂದು ಸಂದೇಶ ಬಂದಿತ್ತು: ಚಿಲಕ ತೆಗೆದಿಡು. ಸಂಜೆ ಇಬ್ಬರಿಗೂ ಜಗಳವಾಗಿತ್ತು. ಅವಳು ಸಂದೇಶ ನೋಡಿದಳು, ಏಳಲಿಲ್ಲ, ಹಾಗೆಯೇ ನಿದ್ದೆ ಹೋದಳು. ಬೀಗದ ಕೈ ಅದೇ ಗೆಳೆಯನ ಕೋಣೆಯದು. ಮನೆಯ ಬಾಗಿಲು ಹಾಕಿದ್ದ ರಾತ್ರಿಗಳಲ್ಲಿ ಅಣ್ಣ ಅಲ್ಲಿ ಹೋಗಿ ಮಲಗುತ್ತಿದ್ದ. ಆ ರಾತ್ರಿಯೂ ಬಾಗಿಲವರೆಗೆ ಬಂದು, ತೆರೆಯದೆ, ಕೆರೆಯ ಏರಿಯ ಮೇಲೆ ಕತ್ತಲಲ್ಲಿ ಹಿಂತಿರುಗಿದ. ಕಥೆ ಹೇಳುತ್ತಿರುವವಳು ಅವಳೇ, ಸಂದೇಶದ ವಿಷಯ ಅವಳಿಗೆ ಮೊದಲಿನಿಂದಲೂ ಗೊತ್ತು, ಆದರೆ ಓದುಗನಿಗೆ ಅವಳು ಅದನ್ನು ಹೇಳುವುದು ಮುಕ್ಕಾಲು ಪುಸ್ತಕ ಕಳೆದ ಮೇಲೆ. ಇದು ಮೋಸವಲ್ಲವೇ? ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದ ಹತ್ತು ಕಟ್ಟಳೆಗಳ ಪ್ರಕಾರ ಖಂಡಿತ ಮೋಸ: ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗನ ಮುಂದೆಯೂ ಬರಬೇಕು, ಮತ್ತು ಪತ್ತೇದಾರನೇ ಅಪರಾಧಿಯಾಗಿರಕೂಡದು.

ನ್ಯಾಯವಾಗಿ ಬರೆಯುವ ದಾರಿ ಇದೆ. ಸಂದೇಶವನ್ನು ಮುಚ್ಚಿಟ್ಟರೂ ಅದರ ನೆರಳನ್ನು ಪುಟಗಳಲ್ಲಿ ಬೀಳಿಸಬೇಕು. ಎರಡನೆಯ ಅಧ್ಯಾಯದಲ್ಲಿ ಅವಳು ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಾಳೆ. ಕಳ್ಳರ ಭಯವೆಂದು ಮನೆಯವರು ಅಂದುಕೊಳ್ಳುತ್ತಾರೆ, ಓದುಗನೂ ಹಾಗೆಯೇ ಅಂದುಕೊಳ್ಳುತ್ತಾನೆ, ಅವಳು ಅದನ್ನು ಹಾಕಿದೆಯೇ ಎಂದು ನೋಡುತ್ತಿಲ್ಲ, ತೆರೆದಿದೆಯೇ ಎಂದು ನೋಡುತ್ತಿದ್ದಾಳೆ ಎಂಬುದು ಮರು ಓದಿನಲ್ಲಿ ತಿಳಿಯುತ್ತದೆ. ಫೋನನ್ನು ಯಾರ ಕೈಗೂ ಕೊಡುವುದಿಲ್ಲ. ಎಲ್ಲ ಸಾಕ್ಷಿಗಳಿಗೂ ಆ ರಾತ್ರಿ ಹನ್ನೆರಡರ ಸುಮಾರಿಗೆ ಎಲ್ಲಿದ್ದಿರಿ ಎಂದು ಕೇಳುವ ಹುಡುಗಿ ತಾನೆಲ್ಲಿದ್ದೆ ಎಂಬುದನ್ನು ಒಂದೇ ಒಂದು ಸಾಲಿನಲ್ಲಿ, ಮಲಗಿದ್ದೆ ಎಂದು, ದಾಟಿಬಿಡುತ್ತಾಳೆ. ಹೀಗೆ ಬರೆದಾಗ ಮುಚ್ಚಿಟ್ಟದ್ದು ಲೇಖಕರ ಕೈಚಳಕವಾಗಿ ಕಾಣುವುದಿಲ್ಲ, ನೋವಿನ ವರ್ತನೆಯಾಗಿ ಕಾಣುತ್ತದೆ, ಏಕೆಂದರೆ ಸಹಿಸಲಾಗದ ನೆನಪೊಂದರ ಸುತ್ತ ಮನಸ್ಸು ಹೀಗೆಯೇ ಬಳಸಿ ನಡೆಯುತ್ತದೆ. ನೆರಳೇ ಇಲ್ಲದೆ ಕೊನೆಯಲ್ಲಿ ಸಂದೇಶವನ್ನು ಎಸೆದರೆ ನಾಕ್ಸ್ ಅವರ ಆಕ್ಷೇಪಣೆಗೆ ಉತ್ತರವಿಲ್ಲ.

ಈ ಕಾದಂಬರಿಗಳ ನಿಜವಾದ ವಿಷಯ ಇಲ್ಲಿ ಬಯಲಿಗೆ ಬರುತ್ತದೆ ಎಂದು ನನ್ನ ಅಭಿಪ್ರಾಯ. ಪತ್ತೇದಾರಿ ಕಥೆಯ ವ್ಯಾಕರಣದಲ್ಲಿ ಕಾರಣ ಮತ್ತು ಅಪರಾಧಿ ಒಂದೇ ಪದದಂತೆ ಕೆಲಸ ಮಾಡುತ್ತವೆ. ಹೇಗಾಯಿತು ಎಂಬ ಸರಪಳಿಯನ್ನು ಹಿಡಿದು ಹೋದರೆ ಯಾರು ಮಾಡಿದರು ಎಂಬ ಹೆಸರು ಸಿಕ್ಕೇ ಸಿಗುತ್ತದೆ. ಕವಿ ಡಬ್ಲ್ಯೂ. ಎಚ್. ಆಡನ್ 1948ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದರ ಆಕರ್ಷಣೆಯನ್ನು ವಿವರಿಸಿದ್ದಾರೆ: ಕೊಲೆಯಾದೊಡನೆ ಸಮುದಾಯದ ಎಲ್ಲರ ಮೇಲೂ ಅನುಮಾನದ ಮಸಿ ಬೀಳುತ್ತದೆ, ಅಪರಾಧಿ ಸಿಕ್ಕಾಗ ಉಳಿದವರೆಲ್ಲ ಮತ್ತೆ ನಿರ್ದೋಷಿಗಳಾಗುತ್ತಾರೆ, ಓದುಗ ಆ ಬಿಡುಗಡೆಯನ್ನು ತನ್ನದಾಗಿ ಅನುಭವಿಸುತ್ತಾನೆ. ಶೋಕದಲ್ಲಿರುವ ಮನಸ್ಸೂ ಇದೇ ವ್ಯಾಕರಣವನ್ನು ಬಳಸುತ್ತದೆ, ಆದರೆ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಬರೆದುಕೊಳ್ಳುತ್ತದೆ. ನಾನು ಎದ್ದಿದ್ದರೆ, ನಾನು ಫೋನ್ ಮಾಡಿದ್ದರೆ, ನಾನು ಅಂದು ಹಾಗೆ ಮಾತಾಡದಿದ್ದರೆ. ಈ "ಇದ್ದರೆ"ಗಳಲ್ಲಿ ಸುಳ್ಳಿಲ್ಲ ಎಂಬುದೇ ತೊಂದರೆ. ಅವಳು ಚಿಲಕ ತೆಗೆದಿದ್ದರೆ ಅಣ್ಣ ಬದುಕಿರುತ್ತಿದ್ದ. ಅದು ಸರಪಳಿಯ ಒಂದು ಕೊಂಡಿ ಹೌದು. ಮಳೆಯೂ ಒಂದು ಕೊಂಡಿ, ಏರಿಯ ಕೆಸರೂ ಒಂದು, ತಡವಾಗಿ ಬರುತ್ತಿದ್ದ ಅವನ ಅಭ್ಯಾಸವೂ ಒಂದು. ಕೆಟ್ಟ ಕಾದಂಬರಿ ಈ ಹಂತದಲ್ಲಿ ಹೆದರಿ, ಕೊನೆಯ ಗಳಿಗೆಯಲ್ಲಿ ಒಬ್ಬ ಕೊಲೆಗಾರನನ್ನು ತಂದು ನಿಲ್ಲಿಸಿ ಹುಡುಗಿಯನ್ನು ಪಾರುಮಾಡುತ್ತದೆ. ಇಲ್ಲವಾದರೆ ಹಿರಿಯ ಪಾತ್ರವೊಂದರ ಬಾಯಲ್ಲಿ, ಇದರಲ್ಲಿ ನಿನ್ನದೇನೂ ಇಲ್ಲಮ್ಮ ಎಂದು ಹೇಳಿಸುತ್ತದೆ. ಆ ಮಾತನ್ನು ಹದಿನಾರರ ಓದುಗಿ ನಂಬುವುದಿಲ್ಲ, ನಂಬಬಾರದು ಕೂಡ, ಏಕೆಂದರೆ ಪುಸ್ತಕವಿಡೀ ಅವಳಿಗೆ ಸಾಕ್ಷ್ಯ ನೋಡಿ ತೀರ್ಮಾನಿಸುವುದನ್ನು ಕಲಿಸಿದೆ. ಒಳ್ಳೆಯ ಕಾದಂಬರಿ ಸರಪಳಿಯನ್ನು ಪೂರ್ತಿ ತೋರಿಸುತ್ತದೆ, ಅವಳ ಕೊಂಡಿಯನ್ನೂ ತೋರಿಸುತ್ತದೆ, ಮತ್ತು ಕಾರಣದಲ್ಲಿ ಪಾಲಿರುವುದಕ್ಕೂ ಅಪರಾಧ ಮಾಡುವುದಕ್ಕೂ ಇರುವ ಅಂತರವನ್ನು ಅವಳೇ ಅಳೆದುಕೊಳ್ಳುವಷ್ಟು ಪುಟಗಳನ್ನು ಬಿಟ್ಟುಕೊಡುತ್ತದೆ.

ಸಾವು ಆತ್ಮಹತ್ಯೆಯಾಗಿದ್ದಾಗ ಈ ವ್ಯಾಕರಣ ಅಪಾಯಕಾರಿಯಾಗುತ್ತದೆ. ಪತ್ತೇದಾರಿ ರೂಪಕ್ಕೆ ಒಂದೇ ಉತ್ತರ ಬೇಕು. ಆತ್ಮಹತ್ಯೆಗೆ ಸಾಮಾನ್ಯವಾಗಿ ಒಂದೇ ಕಾರಣವಿರುವುದಿಲ್ಲ. ಒಂದು ಅವಮಾನ, ಒಬ್ಬ ದ್ರೋಹಿ, ಒಂದು ಪತ್ರ ಎಂದು ಸುಳಿವುಗಳನ್ನು ಜೋಡಿಸಿ ಉತ್ತರ ಕಟ್ಟಿದರೆ, ಸಾವು ಎಂಬುದು ಬದುಕಿದ್ದವರಿಗೆ ಪಾಠ ಕಲಿಸುವ ಸಂದೇಶದಂತೆ ಕಾಣತೊಡಗುತ್ತದೆ. ಮಾಧ್ಯಮಗಳಲ್ಲಿ ಆತ್ಮಹತ್ಯೆಯ ಚಿತ್ರಣ ಅನುಕರಣೆಗೆ ಎಡೆಮಾಡಬಹುದು ಎಂಬುದನ್ನು ಸಮಾಜವಿಜ್ಞಾನಿ ಡೇವಿಡ್ ಫಿಲಿಪ್ಸ್ 1974ರಲ್ಲಿ ಪತ್ರಿಕಾ ವರದಿಗಳ ಅಧ್ಯಯನದಿಂದ ತೋರಿಸಿದರು; ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಮಾಧ್ಯಮದವರಿಗಾಗಿ ಹೊರತಂದ ಮಾರ್ಗಸೂಚಿಯಲ್ಲಿ ವಿಧಾನದ ವಿವರ ಕೊಡಬೇಡಿ, ಒಂದೇ ಕಾರಣಕ್ಕೆ ಇಳಿಸಬೇಡಿ ಎಂಬ ಎಚ್ಚರಿಕೆಗಳಿವೆ. ಬಿಕ್ಕಟ್ಟನ್ನು ದಾಟಿ ಬದುಕಿದವರ ಕಥೆಗಳು ಇದಕ್ಕೆ ವಿರುದ್ಧವಾದ, ರಕ್ಷಿಸುವ ಪರಿಣಾಮ ಬೀರಬಹುದೆಂದು 2010ರ ಆಸ್ಟ್ರಿಯಾದ ಅಧ್ಯಯನವೊಂದು ಸೂಚಿಸಿತು. ಕಾದಂಬರಿ ಸುದ್ದಿಯಲ್ಲ ನಿಜ, ಆದರೂ ಈ ವಿಷಯವನ್ನು ಆಯ್ದುಕೊಂಡ ಲೇಖಕರು ಏಕೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದಂತೆ ಬರೆಯುವುದೇ ಹೆಚ್ಚು ಪ್ರಾಮಾಣಿಕ. ತನಿಖೆ ಅಲ್ಲಿ ಸೋಲಬೇಕು.

ಸೋಲಲೇಬೇಕಾದ ಇನ್ನೊಂದು ತನಿಖೆ ಕಾಣೆಯಾದವರದು. ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ, ಸತ್ತದ್ದೂ ಖಚಿತವಿಲ್ಲದ ಬದುಕಿರುವುದೂ ಖಚಿತವಿಲ್ಲದ ಸ್ಥಿತಿಯನ್ನು ಅನಿಶ್ಚಿತ ನಷ್ಟ ಎಂಬ ಪರಿಕಲ್ಪನೆಯಾಗಿ ಬೆಳೆಸಿದರು. ಭರತನ ಮಾತಿನಲ್ಲಿ ಇದು ಎಂದಿಗೂ ನಿರಪೇಕ್ಷವಾಗಲಾರದ ಶೋಕ. ಇಂಥ ಕಥೆಯಲ್ಲಿ ಕೊನೆಗೂ ಶವ ಸಿಕ್ಕರೆ ಓದುಗನಿಗೆ ನಿರಾಳವಾಗುತ್ತದೆ ಎಂಬ ವಿಚಿತ್ರವನ್ನು ಒಮ್ಮೆ ಗಮನಿಸಬೇಕು.

ರಹಸ್ಯ ಬಿಚ್ಚಿದ ಮೇಲೆ ಶಾಸ್ತ್ರೀಯ ಪತ್ತೇದಾರಿ ಕಾದಂಬರಿಯಲ್ಲಿ ಉಳಿಯುವುದು ಕೆಲವೇ ಪುಟ. ಶ್ರೇಷ್ಠ ಉದಾಹರಣೆಗಳಲ್ಲಿ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಬಿಡಿಸಿ, ಹೆಸರು ಹೇಳಿ, ಹೊರಟುಹೋಗುತ್ತಾನೆ. ನಮ್ಮ ಹುಡುಗಿ ಹೊರಟುಹೋಗುವಂತಿಲ್ಲ; ಅಪರಾಧ ನಡೆದ ಮನೆ ಅವಳದೇ. ಫ್ರಾಯ್ಡ್ 1917ರ ಪ್ರಬಂಧದಲ್ಲಿ ಶೋಕದ ಕೆಲಸವೆಂದರೆ ಸತ್ತವರಿಗೆ ಅಂಟಿದ ಮನಸ್ಸಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದು ಎಂದಿದ್ದರು. ಡೆನಿಸ್ ಕ್ಲಾಸ್ ಮತ್ತು ಅವರ ಸಂಗಡಿಗರು 1996ರ ಗ್ರಂಥವೊಂದರಲ್ಲಿ ಇದನ್ನು ತಿದ್ದಿ, ನಂಟು ಕಡಿಯಬೇಕಾಗಿಲ್ಲ, ರೂಪ ಬದಲಿಸಿಕೊಂಡು ಮುಂದುವರಿಯುತ್ತದೆ ಎಂದರು. ಹದಿಹರೆಯದವರ ಕಾದಂಬರಿಯ ಕೊನೆಯ ಭಾಗ ಬಹುಮಟ್ಟಿಗೆ ಈ ಎರಡನೆಯ ದಾರಿ ಹಿಡಿಯುತ್ತದೆ, ಮತ್ತು ಅದನ್ನು ವಸ್ತುಗಳ ಮೂಲಕ ಮಾಡುತ್ತದೆ. ತನಿಖೆಯ ಕಾಲದಲ್ಲಿ ಸುಳಿವಾಗಿದ್ದ ಬೀಗದ ಕೈ ಉತ್ತರ ಸಿಕ್ಕ ಮೇಲೆ ಸುಳಿವಾಗಿ ಉಳಿಯುವುದಿಲ್ಲ. ಅದು ಮತ್ತೆ ಅಣ್ಣನ ಜೇಬಿನಲ್ಲಿದ್ದ ಒಂದು ವಸ್ತು. ಗೆಳೆಯ ಅದನ್ನು ವಾಪಸು ಕೇಳುವುದಿಲ್ಲ.

ಎಲ್ಲರನ್ನೂ ಕೂರಿಸಿ ಸತ್ಯ ಹೇಳುವ ಹಳೆಯ ದೃಶ್ಯವೂ ಬೇರೆ ರೂಪದಲ್ಲಿ ಬರುತ್ತದೆ. ಕೋಣೆ ಅಡುಗೆಮನೆಯಷ್ಟು ಚಿಕ್ಕದಾಗುತ್ತದೆ, ಕೇಳುವವಳು ಅಮ್ಮ ಒಬ್ಬಳೇ, ಹೇಳಬೇಕಾದ ಹೆಸರು ಹೇಳುವವಳದೇ. ಮೇಜಿನ ಮೇಲಿಟ್ಟ ಬೀಗದ ಕೈ ಯಾವುದೆಂದು ಅಮ್ಮ ಕೇಳುತ್ತಾಳೆ. ಹುಡುಗಿ ಗೆಳೆಯನ ಕೋಣೆಯಿಂದ ಹಿಡಿದು ಹಿಂದಕ್ಕೆ ಹೋಗುತ್ತಾ ಸಂಜೆಯ ಜಗಳದವರೆಗೆ, ಫೋನಿನ ಸಂದೇಶದವರೆಗೆ ಎಲ್ಲವನ್ನೂ ಹೇಳುತ್ತಾಳೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ಆ ರಾತ್ರಿ ಬಾಗಿಲು ಬಡಿದ ಸದ್ದು ತನಗೂ ಕೇಳಿಸಿತ್ತು, ಗಾಳಿಯೆಂದುಕೊಂಡು ಮಗ್ಗುಲು ಬದಲಿಸಿದೆ ಎನ್ನುತ್ತಾಳೆ. ಅಣ್ಣನ ಸಾವಿನ ಬಗ್ಗೆ ನಮಗೆ ಗೊತ್ತಿರುವುದಕ್ಕೆ ಈ ಮಾತಿನಿಂದ ಹೊಸದಾಗಿ ಸೇರುವುದು ಹೆಚ್ಚೇನೂ ಇಲ್ಲ. ಟೋಡೊರೋವ್ ಹೇಳಿದ ಮೊದಲ ಕಥೆ ಇದಕ್ಕೂ ಮುಂಚೆಯೇ ಪೂರ್ತಿಯಾಗಿದೆ. ಏನೂ ನಡೆಯುವುದಿಲ್ಲ ಎಂದು ಅವರು ಹೇಳಿದ್ದ ಎರಡನೆಯ ಕಥೆಯಲ್ಲಿ ಮಾತ್ರ ಈಗ ಒಂದು ಘಟನೆ ನಡೆದಿದೆ.